ಎಂಟನೆಯ ಮತ: ಶಾಲಾ ಮಕ್ಕಳ ಪೌರನೀತಿ ಪಾಠವೂ ನಾಯಕತ್ವದ ಪ್ರಶ್ನೆಯೂ

2020ರ ಕೊನೆಯ ತಿಂಗಳುಗಳಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಹೊವರ್ಡ್ ಕೌಂಟಿಯ ಶಿಕ್ಷಣ ಮಂಡಳಿಯಲ್ಲಿ ಒಂದು ಇಕ್ಕಟ್ಟು ತಲೆದೋರಿತು. ಕೋವಿಡ್ ಕಾರಣದಿಂದ ಮುಚ್ಚಿದ್ದ ಶಾಲೆಗಳನ್ನು ಮತ್ತೆ ತೆರೆಯುವ ಪ್ರಸ್ತಾವಗಳು ಮಂಡಳಿಯ ಮುಂದೆ ಬಂದಾಗ ಮತಗಳು ನಾಲ್ಕಕ್ಕೆ ನಾಲ್ಕಾಗಿ ಒಡೆದವು. ಸಮಬಲವಾದ್ದರಿಂದ ಪ್ರಸ್ತಾವಗಳು ಬಿದ್ದುಹೋದವು. ಮಂಡಳಿಯ ಎಂಟು ಸದಸ್ಯರಲ್ಲಿ ಏಳು ಮಂದಿ ಕೌಂಟಿಯ ಮತದಾರರು ಆರಿಸಿದ ವಯಸ್ಕರು. ಎಂಟನೆಯ ಸ್ಥಾನ ಹೈಸ್ಕೂಲು ವಿದ್ಯಾರ್ಥಿಯದು. ಆ ವಿದ್ಯಾರ್ಥಿಯನ್ನು ಆರಿಸುವವರು ಕೌಂಟಿಯ ಸರ್ಕಾರಿ ಶಾಲೆಗಳಲ್ಲಿ ಆರರಿಂದ ಹನ್ನೊಂದನೆಯ ತರಗತಿಯವರೆಗೆ ಓದುತ್ತಿರುವ ಮಕ್ಕಳು. ಸುಮಾರು 57 ಸಾವಿರ ಮಕ್ಕಳು ಓದುವ ಶಾಲಾ ವ್ಯವಸ್ಥೆಯೊಂದರ ಬಾಗಿಲು ತೆರೆಯಬೇಕೇ ಬೇಡವೇ ಎಂಬ ಪ್ರಶ್ನೆಯಲ್ಲಿ, ಇನ್ನೂ ಶಾಲೆಯಲ್ಲೇ ಇರುವ ಒಬ್ಬರ ಮತ ತಕ್ಕಡಿಯನ್ನು ತಡೆದು ನಿಲ್ಲಿಸಿತ್ತು.

ಇಬ್ಬರು ಪೋಷಕರು ನ್ಯಾಯಾಲಯದ ಮೆಟ್ಟಿಲೇರಿದರು. ಹದಿನೆಂಟು ತುಂಬದವರು ಚುನಾಯಿತ ಸ್ಥಾನದಲ್ಲಿ ಕೂರುವುದೂ, ಹನ್ನೊಂದು ಹನ್ನೆರಡರ ಮಕ್ಕಳು ಮತ ಹಾಕಿ ಅವರನ್ನು ಕಳುಹಿಸುವುದೂ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂಬುದು ಅವರ ವಾದ. ಧಾರ್ಮಿಕ ಶಾಲೆಗಳಲ್ಲಿ ಓದುವ ಮಕ್ಕಳಿಗೆ ಈ ಮತವಿಲ್ಲ, ಅದು ತಾರತಮ್ಯ ಎಂಬುದು ಇನ್ನೊಂದು ಆಕ್ಷೇಪ. ಕೆಳ ನ್ಯಾಯಾಲಯ 2021ರಲ್ಲಿ ಮಂಡಳಿಯ ಪರವಾಗಿ ತೀರ್ಪಿತ್ತಿತು. 2022ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಸಾರ್ವಜನಿಕ ಶಿಕ್ಷಣವನ್ನು ಹೇಗೆ ನಡೆಸಬೇಕೆಂದು ವ್ಯವಸ್ಥೆ ಮಾಡುವ ವಿಶಾಲವಾದ ಅಧಿಕಾರ ಶಾಸನಸಭೆಗೆ ಇದೆ, ವಿದ್ಯಾರ್ಥಿ ಸದಸ್ಯನ ಸ್ಥಾನ ಆ ಶಾಸನದಿಂದಲೇ ಹುಟ್ಟಿದ್ದು ಎಂಬುದು ತೀರ್ಪಿನ ತಿರುಳು. ಶಾಲೆಗಳು ಅಷ್ಟರಲ್ಲಿ ಹಂತಹಂತವಾಗಿ ತೆರೆದೂ ಆಗಿತ್ತು.

ವಿದ್ಯಾರ್ಥಿ ಹಾಕಿದ ಮತ ಸರಿಯೇ ತಪ್ಪೇ ಎಂಬ ಚರ್ಚೆ ಈ ಲೇಖನದ್ದಲ್ಲ. ಮನೆಯಲ್ಲಿ ಕುಳಿತು ಪರದೆಯ ಮುಂದೆ ಬಾಡುತ್ತಿದ್ದ ಮಕ್ಕಳನ್ನು ನೋಡಿ ಕಂಗೆಟ್ಟ ತಂದೆತಾಯಿಯರ ಸಿಟ್ಟಿಗೂ ಕಾರಣವಿತ್ತು. ಸೋಂಕಿನ ಭಯಕ್ಕೂ ಕಾರಣವಿತ್ತು. ಗಮನಿಸಬೇಕಾದ ಸಂಗತಿ ಬೇರೆ. ಮೇರಿಲ್ಯಾಂಡಿನ ಶಿಕ್ಷಣ ಮಂಡಳಿಗಳಲ್ಲಿ ವಿದ್ಯಾರ್ಥಿಗಳು 1970ರ ದಶಕದಿಂದ ಕೂರುತ್ತ ಬಂದಿದ್ದಾರೆ. ಅವರ ಮತ ಯಾವುದನ್ನೂ ಬದಲಿಸದಿದ್ದಾಗ ಎಲ್ಲರೂ ಅದನ್ನು ಯುವ ನಾಯಕತ್ವವೆಂದು ಹೊಗಳಿ ಫೋಟೋ ತೆಗೆಸಿಕೊಂಡರು. ಮತಕ್ಕೆ ತೂಕ ಬಂದ ಗಳಿಗೆಯಲ್ಲಿ, ಮಕ್ಕಳಿಗೆ ಈ ಅಧಿಕಾರ ಕೊಟ್ಟವರು ಯಾರು ಎಂಬ ಪ್ರಶ್ನೆ ಎದ್ದಿತು. ಶಾಲೆಯಲ್ಲಿ ಪೌರನೀತಿ ಕಲಿಸುವ ಬಗ್ಗೆ ಅಮೆರಿಕದಲ್ಲಿ ಈ ಹತ್ತು ವರ್ಷಗಳಲ್ಲಿ ನಡೆದಿರುವ ವಾದವಿವಾದಗಳ ಬೇರು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ವಾದ ಶುರುವಾಗುವುದು ಅಂಕಿಗಳಿಂದ. ಎಂಟನೆಯ ತರಗತಿಯ ಮಕ್ಕಳ ಪೌರನೀತಿ ಜ್ಞಾನವನ್ನು ಅಳೆಯುವ ರಾಷ್ಟ್ರೀಯ ಪರೀಕ್ಷೆಯಲ್ಲಿ 2022ರ ಸರಾಸರಿ 150 ಅಂಕ. 2018ಕ್ಕಿಂತ ಎರಡು ಕಡಿಮೆ. ಈ ಮಾದರಿಯ ಪರೀಕ್ಷೆ 1998ರಲ್ಲಿ ಆರಂಭವಾದ ಮೇಲೆ ಕಂಡ ಮೊದಲ ಇಳಿಕೆ ಅದು. ಪ್ರೌಢಿಮೆಯ ಮಟ್ಟ ಮುಟ್ಟಿದವರು ನೂರಕ್ಕೆ 22 ಮಂದಿ ಮಾತ್ರ. ಇಂಥ ಅಂಕಿಗಳು ಬಂದಾಗಲೆಲ್ಲ ರಾಜ್ಯಗಳು ಎಚ್ಚರಗೊಂಡು ಕಾನೂನು ಮಾಡುತ್ತವೆ. ಸುಲಭದ ದಾರಿ ಹಿಡಿದದ್ದು ಅರಿಜೋನಾ. ಪೌರತ್ವ ಪಡೆಯಲು ವಲಸಿಗರು ಆಗ ಎದುರಿಸುತ್ತಿದ್ದ ನೂರು ಪ್ರಶ್ನೆಗಳ ಪಟ್ಟಿಯನ್ನೇ ತೆಗೆದುಕೊಂಡು, ಅದರಲ್ಲಿ 60 ಪ್ರಶ್ನೆಗಳಿಗೆ ಸರಿಯುತ್ತರ ಕೊಟ್ಟವರಿಗಷ್ಟೇ ಹೈಸ್ಕೂಲು ಪದವಿ ಎಂದು 2015ರಲ್ಲಿ ಅದು ವಿಧಿಸಿತು. ಹಾಗೆ ಮಾಡಿದ ಮೊದಲ ರಾಜ್ಯ ಅದೇ. ಹಲವು ರಾಜ್ಯಗಳು ಹಿಂಬಾಲಿಸಿದವು.

ಆ ಪ್ರಶ್ನೆಪಟ್ಟಿ ನಮ್ಮಲ್ಲಿ ಹಲವರಿಗೆ ಚಿರಪರಿಚಿತ. ಪೌರತ್ವದ ಸಂದರ್ಶನಕ್ಕೆ ಹೊರಟ ದಿನ ಕಾರಿನಲ್ಲಿ ಕುಳಿತು ಸೆನೆಟಿನಲ್ಲಿ ಎಷ್ಟು ಸದಸ್ಯರು, ಸಂವಿಧಾನಕ್ಕೆ ಎಷ್ಟು ತಿದ್ದುಪಡಿ ಎಂದು ಗಟ್ಟಿಮಾಡಿದವರು, ಮಗ್ಗಿ ಬಾಯಿಪಾಠ ಮಾಡಿದ ಹಳೆಯ ಅಭ್ಯಾಸವನ್ನು ನೆನೆದಿರಬಹುದು. ಬಾಯಿಪಾಠವನ್ನು ನಾನು ಹೀಗಳೆಯುವುದಿಲ್ಲ. ಕೌಂಟಿಗೂ ರಾಜ್ಯಕ್ಕೂ ಒಕ್ಕೂಟಕ್ಕೂ ಇರುವ ಅಧಿಕಾರದ ಹಂಚಿಕೆ ತಿಳಿಯದ ಹುಡುಗಿ ತನ್ನ ಬೀದಿಯ ದೀಪ ಕೆಟ್ಟಿದೆಯೆಂದು ಸೆನೆಟರಿಗೆ ಪತ್ರ ಬರೆದರೆ ದೀಪ ಹತ್ತುವುದಿಲ್ಲ. ಆದರೆ ಯಾರಿಗೆ ಬರೆಯಬೇಕೆಂದು ತಿಳಿದೂ ಒಮ್ಮೆಯೂ ಬರೆಯದವಳ ತಿಳಿವಳಿಕೆ ಪರೀಕ್ಷೆಯ ಮರುದಿನವೇ ಆವಿಯಾಗುತ್ತದೆ. ನಿವೃತ್ತ ನ್ಯಾಯಮೂರ್ತಿ ಸ್ಯಾಂಡ್ರಾ ಡೇ ಓಕಾನರ್ 2009ರಲ್ಲಿ ಐಸಿವಿಕ್ಸ್ ಸಂಸ್ಥೆಯನ್ನು ಹುಟ್ಟುಹಾಕಿ, ಮಕ್ಕಳು ಆಟವಾಡುತ್ತಲೇ ನ್ಯಾಯಾಲಯವನ್ನೋ ಶಾಸನಸಭೆಯನ್ನೋ ನಡೆಸಿ ನೋಡುವ ಕಂಪ್ಯೂಟರ್ ಆಟಗಳನ್ನು ತಂದದ್ದರ ಹಿಂದೆಯೂ ಈ ಅರಿವಿತ್ತು: ಮಾಡಿ ನೋಡದೆ ಈ ವಿಷಯ ಮನಸ್ಸಿಗೆ ಇಳಿಯದು.

ಮ್ಯಾಸಚೂಸೆಟ್ಸ್ ಒಂದು ಹೆಜ್ಜೆ ಮುಂದೆ ಹೋಯಿತು. 2018ರ ನವೆಂಬರಿನಲ್ಲಿ ಅಂಗೀಕೃತವಾದ ಅಲ್ಲಿನ ಕಾನೂನಿನಂತೆ ಎಂಟನೆಯ ತರಗತಿಯಲ್ಲಿ ಒಮ್ಮೆ, ಹೈಸ್ಕೂಲಿನಲ್ಲಿ ಇನ್ನೊಮ್ಮೆ, ವಿದ್ಯಾರ್ಥಿಗಳೇ ಮುಂದಾಳತ್ವ ವಹಿಸುವ ಪಕ್ಷಾತೀತ ಪೌರ ಯೋಜನೆಯೊಂದಕ್ಕೆ ಪ್ರತಿಯೊಂದು ಸರ್ಕಾರಿ ಶಾಲೆಯೂ ಅವಕಾಶ ಮಾಡಿಕೊಡಬೇಕು. ಯೋಜನೆಯ ಹಂತಗಳು ಸರಳ: ತಮ್ಮ ಊರಿನ ಒಂದು ತೊಂದರೆಯನ್ನು ಆರಿಸುವುದು, ಅದರ ಮೂಲ ಹುಡುಕುವುದು, ಅದನ್ನು ಸರಿಪಡಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂದು ಪತ್ತೆ ಹಚ್ಚುವುದು, ಅವರನ್ನು ಒಪ್ಪಿಸಲು ಯತ್ನಿಸುವುದು, ಕೊನೆಗೆ ಏನಾಯಿತು ಏಕಾಯಿತು ಎಂದು ಕುಳಿತು ಯೋಚಿಸುವುದು. ಇವುಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಮೂರನೆಯದು. ಅಧಿಕಾರ ಎಲ್ಲಿ ಕುಳಿತಿದೆ ಎಂಬ ಶೋಧಕ್ಕೆ ಹೊರಟ ಹದಿಮೂರರ ಹುಡುಗನಿಗೆ, ಪಾಠಪುಸ್ತಕದ ಚಿತ್ರದಲ್ಲಿರುವ ಸರ್ಕಾರಕ್ಕೂ ಊರಿನ ಸರ್ಕಾರಕ್ಕೂ ಇರುವ ಅಂತರ ತಾನಾಗಿ ಕಾಣುತ್ತದೆ. ಶಾಲೆಯ ಮುಂದಿನ ರಸ್ತೆ ಊರಿನದೋ ರಾಜ್ಯದ್ದೋ ಎಂದು ತಿಳಿಯಲು ಎರಡು ವಾರ ಬೇಕಾಗಬಹುದು. ಆ ಎರಡು ವಾರವೇ ಪಾಠ.

ಎಲ್ಲರೂ ಇದನ್ನು ಮೆಚ್ಚಲಿಲ್ಲ. ಟೆಕ್ಸಸ್ ರಾಜ್ಯ 2021ರಲ್ಲಿ ಮಾಡಿದ ಕಾನೂನು ಸರಿಯಾಗಿ ಎದುರು ದಿಕ್ಕಿನದು. ಚುನಾಯಿತ ಪ್ರತಿನಿಧಿಗಳನ್ನು ವಿದ್ಯಾರ್ಥಿಗಳು ನೇರವಾಗಿ ಸಂಪರ್ಕಿಸಿ ಒಂದು ನೀತಿಗಾಗಿ ಒತ್ತಾಯಿಸುವಂಥ ಕೆಲಸವನ್ನು ಶಿಕ್ಷಕರು ತರಗತಿಯ ಭಾಗವಾಗಿ ಕಡ್ಡಾಯ ಮಾಡಕೂಡದು, ಅದಕ್ಕೆ ಅಂಕ ಕೊಡಕೂಡದು ಎಂದು ಅದು ಹೇಳುತ್ತದೆ. ಮೇಲ್ನೋಟಕ್ಕೆ ವಿಚಿತ್ರವೆನಿಸಿದರೂ ಇದರ ಹಿಂದಿನ ಅಂಜಿಕೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ವಿದ್ಯಾರ್ಥಿಗಳ ಯೋಜನೆ ಎಂಬ ಹೆಸರಿನಲ್ಲಿ ಶಿಕ್ಷಕರ ರಾಜಕೀಯ ಒಳನುಸುಳಬಹುದು. ಅಂಕ ಕೊಡುವವರ ಒಲವು ಯಾವ ಕಡೆಗಿದೆ ಎಂದು ಹದಿಮೂರರ ಮಕ್ಕಳು ಬಲು ಬೇಗ ವಾಸನೆ ಹಿಡಿಯುತ್ತಾರೆ.

ಈ ಅಂಜಿಕೆಗೆ ಜರ್ಮನಿಯವರು ಬಹು ಹಿಂದೆಯೇ ಒಂದು ಉತ್ತರ ಕಂಡುಕೊಂಡಿದ್ದರು. ಶಾಲೆಯ ಮೂಲಕ ಒಂದಿಡೀ ಪೀಳಿಗೆಯ ಮನಸ್ಸನ್ನು ತಿರುಚಿದ ನಾಜಿ ಕಾಲದ ನೆನಪು ಅವರ ಬೆನ್ನಿಗಿತ್ತು. 1976ರಲ್ಲಿ ನೈಋತ್ಯ ಜರ್ಮನಿಯ ಬೊಯ್ಟೆಲ್ಸ್‌ಬಾಖ್ ಎಂಬ ಊರಿನಲ್ಲಿ ಎಡ ಬಲ ಎರಡೂ ಕಡೆಯ ಶಿಕ್ಷಣತಜ್ಞರು ಸೇರಿ ನಡೆಸಿದ ಚರ್ಚೆಯಿಂದ ಮೂರು ಸೂತ್ರಗಳು ರೂಪುಗೊಂಡವು. ವಿದ್ಯಾರ್ಥಿಯ ಮೇಲೆ ಅಭಿಪ್ರಾಯವನ್ನು ಹೇರಕೂಡದು. ಸಮಾಜದಲ್ಲಿ ವಿವಾದವಾಗಿರುವುದು ತರಗತಿಯಲ್ಲೂ ವಿವಾದವಾಗಿಯೇ ಕಾಣಬೇಕು. ರಾಜಕೀಯ ಸನ್ನಿವೇಶವೊಂದರಲ್ಲಿ ತನ್ನ ಹಿತ ಎಲ್ಲಿದೆ ಎಂದು ಗುರುತಿಸಿ ಅದಕ್ಕಾಗಿ ದನಿಯೆತ್ತುವ ಶಕ್ತಿ ವಿದ್ಯಾರ್ಥಿಗೆ ಬರಬೇಕು. ಮೊದಲೆರಡು ಶಿಕ್ಷಕರಿಗೆ ಹಾಕಿದ ಕಡಿವಾಣ, ಮೂರನೆಯದು ವಿದ್ಯಾರ್ಥಿಗೆ ಕೊಟ್ಟ ಬಲ. ಟೆಕ್ಸಸ್ ಕಡಿವಾಣವನ್ನು ವಿದ್ಯಾರ್ಥಿಗೂ ತೊಡಿಸಿತು, ಎಡವಿದ್ದು ಅಲ್ಲಿ.

ರೋಡ್ ಐಲೆಂಡಿನ ಹದಿನಾಲ್ಕು ವಿದ್ಯಾರ್ಥಿಗಳು ಇನ್ನೂ ಬೇರೆಯದೇ ದಾರಿ ತುಳಿದರು. ತಮಗೆ ಪೌರನೀತಿಯನ್ನು ಸರಿಯಾಗಿ ಕಲಿಸಿಲ್ಲವೆಂದು 2018ರಲ್ಲಿ ಅವರೇ ರಾಜ್ಯದ ಮೇಲೆ ಒಕ್ಕೂಟದ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಶಿಕ್ಷಣ ಸಂವಿಧಾನದತ್ತ ಮೂಲಭೂತ ಹಕ್ಕಲ್ಲ ಎಂದು 1973ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಆದರೆ ಮತ ಚಲಾಯಿಸಲು, ಮಾತಿನ ಸ್ವಾತಂತ್ರ್ಯವನ್ನು ಬಳಸಲು ಬೇಕಾದ ಕನಿಷ್ಠ ಶಿಕ್ಷಣದ ಪ್ರಶ್ನೆಯನ್ನು ಆ ತೀರ್ಪು ಪೂರ್ತಿ ಮುಚ್ಚಿರಲಿಲ್ಲ. ಅರೆತೆರೆದ ಆ ಬಾಗಿಲನ್ನು ಇವರು ತಟ್ಟಿದರು. 2020ರಲ್ಲಿ ದಾವೆ ವಜಾ ಆಯಿತು. ವಜಾ ಮಾಡಿದ ನ್ಯಾಯಾಧೀಶರೇ ವಿದ್ಯಾರ್ಥಿಗಳ ಕಳವಳವನ್ನು ಮನಸಾರೆ ಮೆಚ್ಚಿ ಬರೆದರು. 2022ರ ಜನವರಿಯಲ್ಲಿ ಮೇಲ್ಮನವಿಯೂ ಸೋತಿತು. ಅದೇ ವರ್ಷ ಇತ್ಯರ್ಥಕ್ಕೆ ಬಂದ ರಾಜ್ಯ, ಪೌರನೀತಿ ಶಿಕ್ಷಣವನ್ನು ಪರಾಮರ್ಶಿಸುವ ಕಾರ್ಯಪಡೆಯೊಂದನ್ನು ರಚಿಸಲು ಒಪ್ಪಿತು. ಈ ನಡುವೆ 2021ರಲ್ಲಿ ರಾಜ್ಯದ ಶಾಸನಸಭೆಯೂ ಪೌರ ಸಾಕ್ಷರತೆಯ ಕಾನೂನು ಮಾಡಿ ವಿದ್ಯಾರ್ಥಿ ಯೋಜನೆಯನ್ನು ಕಡ್ಡಾಯಗೊಳಿಸಿತ್ತು. ಪೌರನೀತಿ ಗೊತ್ತಿಲ್ಲವೆಂದು ದೂರಿದವರು ಮೂರೂವರೆ ವರ್ಷ ವ್ಯಾಜ್ಯ ನಡೆಸಿ, ಸೋತೂ ಬೇಕಾದ್ದರಲ್ಲಿ ಒಂದಷ್ಟನ್ನು ಪಡೆದರು. ಇದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ಯಾವ ತರಗತಿಯಲ್ಲಿ ಸಿಕ್ಕೀತು?

ನ್ಯೂಜೆರ್ಸಿಯ ಹೈಟ್ಸ್‌ಟೌನ್ ಹೈಸ್ಕೂಲಿನ ಕಥೆಯೂ ಹೇಳಬೇಕಾದ್ದೇ. ನಾಗರಿಕ ಹಕ್ಕುಗಳ ಹೋರಾಟದ ಕಾಲದಲ್ಲಿ ನಡೆದು ಇತ್ಯರ್ಥವಾಗದೆ ಉಳಿದ ಜನಾಂಗೀಯ ಕೊಲೆಗಳ ಬಗ್ಗೆ 2015ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ಅಧ್ಯಯನಕ್ಕೆ ಇಳಿದರು. ಮಾಹಿತಿ ಹಕ್ಕಿನಡಿ ಕಡತ ಕೇಳಿದರೆ ಬಂದದ್ದು ವಿಳಂಬ, ಇಲ್ಲವೇ ಕಪ್ಪು ಮಸಿ ಬಳಿದ ಪುಟಗಳು. ಆ ಕಡತಗಳನ್ನು ಪರಿಶೀಲಿಸಿ ಬಹಿರಂಗಪಡಿಸಲು ಪ್ರತ್ಯೇಕ ಮಂಡಳಿ ಬೇಕೆಂದು ಮಕ್ಕಳು ಮಸೂದೆಯನ್ನೇ ಬರೆದು ವಾಷಿಂಗ್ಟನ್ನಿಗೆ ಹೊತ್ತೊಯ್ದರು. ಸೆನೆಟಿನಲ್ಲಿ ಡೆಮಾಕ್ರಟಿಕ್ ಪಕ್ಷದ ಡಗ್ ಜೋನ್ಸ್ ಅದನ್ನು ಮಂಡಿಸಿದರು, ರಿಪಬ್ಲಿಕನ್ ಪಕ್ಷದ ಟೆಡ್ ಕ್ರೂಜ್ ಜೊತೆಗೂಡಿದರು, 2019ರ ಜನವರಿಯಲ್ಲಿ ಅಧ್ಯಕ್ಷರ ಸಹಿ ಬಿದ್ದು ಅದು ಕಾನೂನಾಯಿತು. ಶುರು ಮಾಡಿದ ಮಕ್ಕಳು ಅಷ್ಟರಲ್ಲಿ ಶಾಲೆ ಬಿಟ್ಟು ಕಾಲೇಜು ಸೇರಿದ್ದರು. ಒಂದು ತಂಡ ಬಿಟ್ಟಲ್ಲಿಂದ ಮುಂದಿನ ತಂಡ ಎತ್ತಿಕೊಂಡಿತ್ತು. ಆದ್ದರಿಂದಲೇ ಈ ಸಾಧನೆಗೆ ಒಬ್ಬ ನಾಯಕನ ಹೆಸರು ಹಚ್ಚಲು ಬರುವುದಿಲ್ಲ.

ನಾಯಕ ಎಂಬ ಮಾತು ಬಂದಾಗ ನಾವು ಕಲಿತ ಶಾಲೆಗಳನ್ನು ನೆನೆಯದೆ ಇರಲಾಗದು. ಕರ್ನಾಟಕದ ಶಾಲೆಯಲ್ಲಿ ಕ್ಲಾಸ್ ಲೀಡರ್ ಎಂದರೆ ಮೇಷ್ಟ್ರು ಹೊರಹೋದಾಗ ಗಲಾಟೆ ಮಾಡಿದವರ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆಯುವವನು. ಅವನ ಅಧಿಕಾರ ಬಂದದ್ದು ಮೇಲಿನಿಂದ, ಉತ್ತರ ಹೇಳಬೇಕಾದ್ದೂ ಮೇಲಿನವರಿಗೆ. ಹಿಂದಿನ ಬೆಂಚಿನವರ ಪರವಾಗಿ ಮೇಷ್ಟ್ರಲ್ಲಿ ಮಾತಾಡುವುದು ಅವನ ಕೆಲಸವಾಗಿರಲಿಲ್ಲ. ಶಾಲಾ ಸಂಸತ್ತಿನ ಚುನಾವಣೆಯಂತೂ ಸಂಭ್ರಮದ್ದೇ: ಚಿಹ್ನೆ, ಪ್ರಚಾರ, ಬೆರಳಿಗೆ ಶಾಯಿ, ಆಮೇಲೆ ಪ್ರಧಾನಮಂತ್ರಿ, ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿಗಳ ಪ್ರಮಾಣವಚನ. ಆದರೆ ಬಿಸಿಯೂಟದ ಸಾರು ನೀರಾಗಿದೆ ಎಂದು ಆಹಾರ ಮಂತ್ರಿ ಕಡತದಲ್ಲಿ ಬರೆಯಲು ಆಗುತ್ತಿತ್ತೇ? ಭಾಷೆಯೂ ಇದೇ ಕಥೆ ಹೇಳುತ್ತದೆ. ನಾಗರಿಕ ಪ್ರಜ್ಞೆ ಎಂದರೆ ಕನ್ನಡ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಸ ಎಸೆಯಬಾರದು, ಉಗುಳಬಾರದು ಎಂಬಷ್ಟೇ ಅರ್ಥ. ಕಸದ ಗುತ್ತಿಗೆಯ ಲೆಕ್ಕ ಕೇಳುವುದನ್ನು ಆ ಮಾತು ಒಳಗೊಂಡದ್ದನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ. 2023ರಿಂದ ಕರ್ನಾಟಕದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆಯ ಓದು ನಡೆಯುತ್ತಿದೆ. ಒಳ್ಳೆಯ ಕೆಲಸವೇ, ಓದಿದ ಮೇಲೆ ಏನು ಎಂಬುದು ಮುಂದಿನ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರವೂ ಕರ್ನಾಟಕದಲ್ಲೇ ಹುಟ್ಟಿದೆ ಎಂಬುದು ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಹೇಳಬೇಕಾದ ಸಂಗತಿ. ದುಡಿಯುವ ಮಕ್ಕಳು 1990ರಲ್ಲಿ ಕಟ್ಟಿಕೊಂಡ ಭೀಮ ಸಂಘದ ಕೆಲಸದಿಂದ, ಆ ದಶಕದ ನಡುವಿನಲ್ಲಿ ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳ ಪಂಚಾಯತಿಗಳು ಮೊಳೆತವು. ಮಳೆಗಾಲದಲ್ಲಿ ತೋಡು ದಾಟಿ ಶಾಲೆಗೆ ಹೋಗಲು ಕಾಲುಸಂಕ ಬೇಕು ಎಂಬಂಥ ಬೇಡಿಕೆ ದೊಡ್ಡವರ ಸಭೆಯಲ್ಲಿ ಯಾರ ಬಾಯಿಂದಲೂ ಬರುತ್ತಿರಲಿಲ್ಲ, ಏಕೆಂದರೆ ಪುಸ್ತಕದ ಚೀಲ ಹೊತ್ತು ಆ ತೋಡನ್ನು ದಿನಾ ದಾಟುತ್ತಿದ್ದವರು ಅಲ್ಲಿ ಇರುತ್ತಿರಲಿಲ್ಲ. 2006ರಲ್ಲಿ ರಾಜ್ಯ ಸರ್ಕಾರ ಗ್ರಾಮ ಪಂಚಾಯತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸುತ್ತೋಲೆ ಹೊರಡಿಸಿತು. ಅಧ್ಯಕ್ಷರೂ ಅಧಿಕಾರಿಗಳೂ ಎದುರಿಗೆ ಕೂರಬೇಕು, ಮಕ್ಕಳು ಕೇಳಬೇಕು, ಕೇಳಿದ್ದಕ್ಕೆ ಉತ್ತರ ಸಿಗಬೇಕು. ಕಾಟಾಚಾರಕ್ಕೆ ನಡೆದು ಬಿಸ್ಕತ್ತು ಹಂಚಿ ಮುಗಿಯುವ ಸಭೆಗಳು ಬೇಕಾದಷ್ಟಿವೆ. ಹಾಗಿದ್ದೂ ಉತ್ತರ ಹೇಳುವ ಹೊಣೆ ದೊಡ್ಡವರದು ಎಂಬ ಒಂದಂಶದಲ್ಲಿ ಈ ಸಭೆ ಶಾಲಾ ಸಂಸತ್ತಿಗಿಂತ ಬೇರೆ, ಹೊವರ್ಡ್ ಕೌಂಟಿಯ ಎಂಟನೆಯ ಸ್ಥಾನಕ್ಕೆ ಹತ್ತಿರ.

ಇನ್ನು ಅಮೆರಿಕದ ಕನ್ನಡಿಗರ ಮನೆಗಳಲ್ಲಿ ಯುವ ನಾಯಕತ್ವ ಎಂಬ ಮಾತು ಕೇಳಿಬರುವುದು ಬಹುಮಟ್ಟಿಗೆ ಕಾಲೇಜು ಅರ್ಜಿಯ ಸುತ್ತ. ಸೇವಾ ಕಲಿಕೆಯನ್ನು ಹೈಸ್ಕೂಲು ಪದವಿಗೆ ಕಡ್ಡಾಯ ಮಾಡಿದ ಮೊದಲ ರಾಜ್ಯ ಮೇರಿಲ್ಯಾಂಡ್. ರಾಜ್ಯ ನಿಗದಿ ಮಾಡಿದ್ದು 75 ಗಂಟೆ. ಒಳ್ಳೆಯ ಉದ್ದೇಶದ ನಿಯಮವೇ. ಆದರೆ ಗಂಟೆಗಳು ಲೆಕ್ಕಕ್ಕೆ ಬಂದೊಡನೆ ನಾಣ್ಯವಾಗುತ್ತವೆ. ಯಾರು ಬೇಗ ಸಹಿ ಹಾಕಿಕೊಡುತ್ತಾರೆ ಎಂಬ ವಿಚಾರಣೆ ವಾಟ್ಸಾಪಿನಲ್ಲಿ ನಡೆಯುತ್ತದೆ. ಒಂದೇ ಮನೆಯ ಮಗು ಮೂರು ಸಂಸ್ಥೆಗಳ ಸ್ಥಾಪಕಾಧ್ಯಕ್ಷ ಆಗಿರುವುದನ್ನೂ, ಆ ಮೂರರಲ್ಲೂ ಎರಡನೆಯ ಸದಸ್ಯನಿಲ್ಲದಿರುವುದನ್ನೂ ನಾವು ಕಂಡಿದ್ದೇವೆ.

ಪೌರನೀತಿ ಕಲಿಯುವ ಅವಶ್ಯಕತೆ ನಮ್ಮವರಿಗಿರುವಷ್ಟು ಗಾಢವಾಗಿ ಇತರರಿಗೆ ಇರಲಾರದು. ಉದ್ಯೋಗ ವೀಸಾದ ಮೇಲಿರುವ ತಂದೆತಾಯಿ ಹತ್ತು ಹದಿನೈದು ವರ್ಷ ತೆರಿಗೆ ಕಟ್ಟುತ್ತಾರೆ; ಅವರಿಗೆ ಮತವಿಲ್ಲ. ಇಲ್ಲಿ ಹುಟ್ಟಿದ ಮಗಳು ಹದಿನೆಂಟಾದಾಗ ಮನೆಯ ಮೊದಲ ಮತದಾರಳಾಗುತ್ತಾಳೆ. ಮತಪತ್ರದಲ್ಲಿರುವ ಹೆಸರುಗಳ ಬಗ್ಗೆ ಕೇಳಲು ಅವಳಿಗೆ ಮನೆಯಲ್ಲಿ ಅನುಭವಸ್ಥರಿಲ್ಲ. ಅಲ್ಲಿ ಹುಟ್ಟಿ ಇಲ್ಲಿಗೆ ಬಂದ ಮಗನ ಸ್ಥಿತಿ ಇನ್ನೂ ತೊಡಕಿನದು. ಹಸಿರು ಕಾರ್ಡಿನ ಸರದಿ ದಶಕಗಟ್ಟಲೆ ಹಿಡಿಯುವಾಗ, ಅವಲಂಬಿತನ ವೀಸಾ ಅವನಿಗೆ 21 ತುಂಬಿದ ದಿನ ಕೊನೆಯಾಗುತ್ತದೆ. ಅಮೆರಿಕದ ಸಂವಿಧಾನವನ್ನು ಶಾಲೆಯಲ್ಲಿ ಚೆನ್ನಾಗಿ ಕಲಿತು ಪರೀಕ್ಷೆಯಲ್ಲಿ ಮೊದಲಿಗನಾದ ಹುಡುಗ ಆ ದೇಶದಲ್ಲಿ ಒಮ್ಮೆಯೂ ಮತ ಹಾಕದೆ ಹೊರಡಬೇಕಾಗಬಹುದು. ಅಂಥವನಿಗೂ ಹೊವರ್ಡ್ ಕೌಂಟಿಯ ಶಾಲೆಯಲ್ಲಿ ಒಂದು ಮತವಿದೆ. ವಿದ್ಯಾರ್ಥಿ ಸದಸ್ಯನ ಚುನಾವಣೆಗೆ ಬೇಕಾದ್ದು ಕೌಂಟಿಯ ಶಾಲೆಯಲ್ಲಿ ದಾಖಲಾತಿ, ಪಾಸ್‌ಪೋರ್ಟಿನ ಬಣ್ಣವಲ್ಲ. ಹನ್ನೊಂದರ ವಯಸ್ಸಿನಲ್ಲಿ ಅವನು ಹಾಕುವ ಆ ಮತ, ಅವನ ತಂದೆತಾಯಿ ಈ ನೆಲದಲ್ಲಿ ಇನ್ನೂ ಹಾಕದ ಮತ. ಶಿಕ್ಷಣ ಮಂಡಳಿಯ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಮಾತಾಡಲು ಹೆಸರು ಬರೆಸುವ ಅವಕಾಶ ಪೌರರಲ್ಲದ ತಂದೆತಾಯಿಗೂ ಇದೆ. ಶಾಲೆಗಳ ಗಡಿರೇಖೆ ಬದಲಾಗಿ ಮನೆಯ ಬೆಲೆ ಕುಸಿಯುವ ಸೂಚನೆ ಬಂದಾಗ ಮಾತ್ರ ನಮ್ಮವರು ಅಲ್ಲಿ ತುಂಬಿಕೊಳ್ಳುವುದು ಬೇರೆ ಮಾತು.

ನಮ್ಮ ಕನ್ನಡ ಸಂಘಗಳು ಈ ವಿಷಯದಲ್ಲಿ ಮಾಡಬಹುದಾದ ಕೆಲಸ ಕಣ್ಣೆದುರಿಗೇ ಇದೆ. ಬಹುತೇಕ ಎಲ್ಲ ಸಂಘಗಳಲ್ಲೂ ಯುವ ಸಮಿತಿ ಎಂಬುದೊಂದಿರುತ್ತದೆ. ನಿರೂಪಣೆ, ನೀರಿನ ಬಾಟಲಿ ಹಂಚುವುದು, ಕುರ್ಚಿ ಜೋಡಿಸುವುದು ಅದರ ಪಾಲಿನವು. ಟೀ ಶರ್ಟಿನ ಬಣ್ಣ ಅದು ಕೈಗೊಳ್ಳುವ ಅತಿ ದೊಡ್ಡ ನಿರ್ಣಯ. ಇದು ಕ್ಲಾಸ್ ಲೀಡರ್ ಪದ್ಧತಿಯ ಸಾಗರೋತ್ತರ ಆವೃತ್ತಿ. ಕಾರ್ಯಕಾರಿ ಸಮಿತಿಯಲ್ಲಿ ಒಂದು ಸ್ಥಾನವನ್ನು ಮಕ್ಕಳೇ ಆರಿಸಿದ ಹದಿಹರೆಯದವರಿಗೆ ಮತಾಧಿಕಾರ ಸಮೇತ ಕೊಡಬಹುದು. ನಿರ್ದೇಶಕರಿಗೆ 18 ತುಂಬಿರಲೇಬೇಕೆಂಬ ಕಾನೂನು ಇರುವ ರಾಜ್ಯಗಳಲ್ಲಿ, ಯುಗಾದಿ ಕಾರ್ಯಕ್ರಮದ ವೆಚ್ಚದ ಒಂದು ಪಾಲನ್ನು ಯುವ ಸಮಿತಿಯ ನಿರ್ಣಯಕ್ಕೆ ಬಿಟ್ಟುಕೊಟ್ಟು, ವರ್ಷದ ಕೊನೆಯ ಸರ್ವಸದಸ್ಯರ ಸಭೆಯಲ್ಲಿ ಅವರಿಂದಲೇ ಲೆಕ್ಕ ಒಪ್ಪಿಸಿಕೊಳ್ಳಬಹುದು. ಊಟದ ಪಟ್ಟಿಯಿಂದ ಶುರು ಮಾಡಿದರೂ ನಡೆದೀತು. ಹೋಳಿಗೆ ಬೇಡ ಎಂದು ಆ ಸಮಿತಿ ಬಹುಮತದಿಂದ ತೀರ್ಮಾನಿಸಿದ ದಿನ ಹಿರಿಯರು ಎದ್ದುಹೋಗದೆ ಪಿಜ್ಜಾದ ಸಾಲಿನಲ್ಲಿ ನಿಲ್ಲಬೇಕಾದೀತು, ಅಷ್ಟೆ.